ರಜೆಯ ಕಾಲಂನಲ್ಲಿ ಗಾಯ ಅಡಗದಿರಲಿ

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಶೀಟ್ ಮೆಟಲ್ ಕಾರ್ಖಾನೆ. ಕಾಯಂ ಕೆಲಸಗಾರರು, ಕಾಂಟ್ರ್ಯಾಕ್ಟ್‌ನವರು ಎಲ್ಲ ಸೇರಿ 150 ಜನರಿದ್ದೇವೆ. ನಾನು ಎಚ್‌ಆರ್ ವಿಭಾಗ ನೋಡಿಕೊಳ್ಳುತ್ತೇನೆ. ಹಾಜರಿ, ರಜೆ, ಸಂಬಳಕ್ಕೆಂದು ಈಚೆಗೆ ಸಾಫ್ಟ್‌ವೇರ್ ತರಿಸಿದೆವು. ಅದರಲ್ಲಿ ಅಪಘಾತ, ಕಾಯಿಲೆ ದಾಖಲಿಸಲು ‘ಇನ್ಸಿಡೆಂಟ್’ ಎಂಬ ಭಾಗವೂ ಇದೆ. ಇನ್ನು ರಿಜಿಸ್ಟರ್ ಬೇಡ, ಎಲ್ಲ ಇದರಲ್ಲೇ ಹಾಕಿ ಎನ್ನುತ್ತಾರೆ ಮಾಲೀಕರು. ಅದರಲ್ಲಿ ತುಂಬಿದರೆ ಇಎಸ್‌ಐಗೆ, ಇನ್‌ಸ್ಪೆಕ್ಟರ್‌ಗೆ ತಿಳಿಸಿದಂತೆ ಆಗುತ್ತದೆಯೇ? ಏನೇನು ತುಂಬಬೇಕು? ಸಣ್ಣಪುಟ್ಟ ಗಾಯವನ್ನು ಯಾರೂ ಹೇಳುವುದೇ ಇಲ್ಲ, ಅದಕ್ಕೇನು ಮಾಡುವುದು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ‘ಇಲ್ಲ’. ಸಾಫ್ಟ್‌ವೇರ್‌ನಲ್ಲಿ ತುಂಬಿದ್ದು ನಿಮ್ಮ ಮನೆಯೊಳಗಿನ ದಾಖಲೆ. ಇಎಸ್‌ಐಗೆ ಅದರದೇ ಪೋರ್ಟಲ್‌ನಲ್ಲಿ ಅಪಘಾತದ ವರದಿ ಹೋಗಬೇಕು. ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆಗೆ ಬೇರೆಯೇ ನೋಟಿಸ್ ಹೋಗಬೇಕು. ಪರದೆಯ ಮೇಲೆ ಹಸಿರು ಟಿಕ್ ಬಿದ್ದು ‘ಸಬ್ಮಿಟೆಡ್’ ಎಂದು ಬಂದರೆ ಅದು ನಿಮ್ಮ ಮ್ಯಾನೇಜರ್‌ವರೆಗೆ ಹೋಯಿತು ಎಂದಷ್ಟೇ ಅರ್ಥ. ಅಪಘಾತದ ಪುಸ್ತಕವನ್ನೂ ಈಗಲೇ ಮೂಲೆಗೆ ಸೇರಿಸಬೇಡಿ. ಗಾಯಗೊಂಡವನು ಅಥವಾ ಅವನ ಪರವಾಗಿ ಬೇರೊಬ್ಬರು ಬಾಯಿಮಾತಿನಲ್ಲಿ ಹೇಳಿದರೂ ಸಾಕು, ಆ ಪುಸ್ತಕದಲ್ಲಿ ಬರೆದರೆ ಕಾರ್ಮಿಕ ತನ್ನ ಕಡೆಯಿಂದ ತಿಳಿಸಿದಂತೆ ಎಂಬುದು ಇಎಸ್‌ಐ ನಿಯಮಗಳಲ್ಲಿ ನಡೆದುಬಂದ ಕ್ರಮ. ಪಾಸ್‌ವರ್ಡ್ ಇಲ್ಲದವನೂ ಬರೆಸಬಹುದಾದ ದಾಖಲೆ ಅದೊಂದೇ.

ಹಾಗಾದರೆ ಸಾಫ್ಟ್‌ವೇರ್‌ನಿಂದ ಏನು ಪ್ರಯೋಜನ? ದೊಡ್ಡ ಪ್ರಯೋಜನವೇ ಇದೆ. ಆದರೆ ಅದು ಇರುವುದು ಆ ‘ಇನ್ಸಿಡೆಂಟ್’ ಪುಟದಲ್ಲಿ ಅಲ್ಲ, ಹಾಜರಿ ಮತ್ತು ರಜೆಯ ಪುಟಗಳಲ್ಲಿ.

48 ಗಂಟೆ, ಮೂರು ದಿನ

ಗ್ರೇಟ್‌ಎಚ್‌ಆರ್, ಕೇಕಾ, ಜೋಹೋ ಪೀಪಲ್, ಯಾವುದನ್ನೇ ತೆಗೆದುಕೊಳ್ಳಿ, ಯಾರು ಯಾವತ್ತು ಬಂದರು, ಯಾವತ್ತು ಬರಲಿಲ್ಲ ಎಂಬ ಲೆಕ್ಕವೇ ಇಂಥ ಸಾಫ್ಟ್‌ವೇರ್‌ಗಳ ಬುನಾದಿ. ನಮ್ಮ ಕಾನೂನು ಅಪಘಾತವನ್ನು ಅಳೆಯುವುದೂ ಬಹುಪಾಲು ಇದೇ ಲೆಕ್ಕದಿಂದ. ಅಪಘಾತದ ಬೆನ್ನಿಗೆ 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕೆಲಸ ಮಾಡಲಾಗದಷ್ಟು ಗಾಯವಾದರೆ ಇಲಾಖೆಗೆ ನೋಟಿಸ್ ಕೊಡಬೇಕು ಎಂದು 1948ರ ಕಾರ್ಖಾನೆಗಳ ಕಾಯ್ದೆಯ 88ನೇ ಕಲಂ ಹೇಳುತ್ತಿತ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಕಾಯ್ದೆಯ ಜಾಗವನ್ನು 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಹಿಡಿಯಿತು. ಅಲ್ಲಿ 10ನೇ ಕಲಂನಲ್ಲೂ ಅದೇ 48 ಗಂಟೆ ಉಳಿದಿದೆ. ಸಾವು ಸಂಭವಿಸಿದರಂತೂ ಗಂಟೆ ಎಣಿಸುತ್ತ ಕೂರುವ ಪ್ರಶ್ನೆಯೇ ಇಲ್ಲ. ಇಲಾಖೆಗೆ, ಪೊಲೀಸ್ ಠಾಣೆಗೆ, ಮನೆಯವರಿಗೆ ಆ ಕ್ಷಣವೇ ತಿಳಿಸಬೇಕು.

ಇಎಸ್‌ಐನದು ಇನ್ನೊಂದು ಗೆರೆ. ಅಪಘಾತದ ದಿನವನ್ನು ಬಿಟ್ಟು ಕನಿಷ್ಠ ಮೂರು ದಿನ ಕೆಲಸಕ್ಕೆ ಆಗದಂತಿದ್ದರೆ ತಾತ್ಕಾಲಿಕ ಅಂಗವಿಕಲತೆಯ ಪರಿಹಾರ ಸಿಗುತ್ತದೆ. ಹಾಗೆಂದು ಮೂರು ದಿನ ಕಳೆಯಲಿ ಎಂದು ವರದಿ ತಡೆದಿಟ್ಟುಕೊಳ್ಳುವಂತಿಲ್ಲ. ಗಂಭೀರ ಗಾಯವಾದರೆ ಫಾರಂ 12 ಎಂದು ಎಲ್ಲರೂ ಕರೆಯುವ ಆ ವರದಿ ತಕ್ಷಣ ಹೋಗಬೇಕು.

ಈ ಎರಡು ಗೆರೆಗಳನ್ನು ಕಾಯುವ ಕೆಲಸವನ್ನು ಸಾಫ್ಟ್‌ವೇರ್‌ಗೆ ಒಪ್ಪಿಸಿ. ಗಾಯವೆಂದು ದಾಖಲಾದ ಕೆಲಸಗಾರ ಮಾರನೆಯ ಪಾಳಿಗೆ ಪಂಚ್ ಮಾಡದಿದ್ದರೆ ನಿಮ್ಮ ಮೊಬೈಲ್‌ಗೆ ಸಂದೇಶ ಬರಲಿ, ಎರಡನೆಯ ಪಾಳಿಗೂ ಬರದಿದ್ದರೆ ಮಾಲೀಕರಿಗೂ ಹೋಗಲಿ. ಹೀಗೆ ಮಾಡಿದರೆ ಹಳೆಯದೊಂದು ಕೆಟ್ಟ ಚಾಳಿಯೂ ಬಯಲಿಗೆ ಬರುತ್ತದೆ. ಕೈಗೆ ಕಟ್ಟು ಹಾಕಿಸಿಕೊಂಡವನನ್ನು ಆಟೋದಲ್ಲಿ ಕರೆಸಿ, ಗೇಟಿನಲ್ಲಿ ಪಂಚ್ ಮಾಡಿಸಿ, ಸ್ಟೋರ್ಸ್‌ನಲ್ಲಿ ಕುರ್ಚಿ ಹಾಕಿ ಕೂರಿಸಿ, ಸಂಜೆ ಮನೆಗೆ ಕಳಿಸುವುದು ಕೆಲವು ಕಡೆ ನಡೆಯುತ್ತದೆ. 48 ಗಂಟೆ ದಾಟಬಾರದು ಎಂಬುದೇ ಅದರ ಹಿಂದಿನ ಲೆಕ್ಕ. ಹಾಜರಿಯಲ್ಲಿ ಆ ಮನುಷ್ಯ ಇದ್ದಾನೆ, ಉತ್ಪಾದನೆಯ ಪಟ್ಟಿಯಲ್ಲಿ ಇಲ್ಲ. ಎರಡನ್ನೂ ಒಟ್ಟಿಗೆ ತೆರೆದು ನೋಡುವ ಇನ್‌ಸ್ಪೆಕ್ಟರ್‌ಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಒಂದು ಎಚ್ಚರಿಕೆ. ಈ ಪುಟಗಳ ವಿನ್ಯಾಸ ಅನೇಕ ಸಾಫ್ಟ್‌ವೇರ್‌ಗಳಲ್ಲಿ ಅಮೆರಿಕದ್ದು. ಅಲ್ಲಿ 1970ರ ಕಾಯ್ದೆಯಿಂದ ಹುಟ್ಟಿದ ‘ಓಶಾ’ ಎಂಬ ಸಂಸ್ಥೆ ಇದೆ. ಪ್ರಥಮ ಚಿಕಿತ್ಸೆಗಿಂತ ಹೆಚ್ಚಿನ ಚಿಕಿತ್ಸೆ ಬೇಕಾದ ಗಾಯವನ್ನೆಲ್ಲ ಅದರ 300ನೇ ನಂಬರಿನ ಪಟ್ಟಿಯಲ್ಲಿ ಬರೆಯಬೇಕು. ನಿಮ್ಮ ಪರದೆಯಲ್ಲಿ ‘ರೆಕಾರ್ಡಬಲ್’ ಎಂಬ ಚೌಕ ಕಂಡರೆ ಅದು ಅಲ್ಲಿಂದ ಬಂದದ್ದು. ಅದಕ್ಕೆ ಟಿಕ್ ಹಾಕುವುದರಿಂದ ನಮ್ಮ ಕಾನೂನಿಗೆ ಏನೂ ಸಂದಾಯವಾಗುವುದಿಲ್ಲ. ಪೂರೈಕೆದಾರರಿಗೆ ಹೇಳಿ ಆ ಜಾಗದಲ್ಲಿ ‘48 ಗಂಟೆ ದಾಟಿತೇ’, ‘ಇಎಸ್‌ಐ ವರದಿ ಹೋದ ದಿನಾಂಕ’, ‘ಇಲಾಖೆಗೆ ನೋಟಿಸ್ ಹೋದ ದಿನಾಂಕ’ ಎಂಬ ಮೂರು ಕಾಲಂ ಹಾಕಿಸಿ. ಸಂಹಿತೆಗಳು ಹೊಸತಾದ್ದರಿಂದ ಫಾರಂಗಳ ಹೆಸರು, ಸಂಖ್ಯೆ ಬದಲಾಗುವ ಕಾಲ ಇದು. ಸಾಫ್ಟ್‌ವೇರ್ ತಾನೇ ತೆಗೆದುಕೊಡುವ ಫಾರಂ ನಂಬುವ ಮೊದಲು ಇಲಾಖೆಯ ಜಾಲತಾಣದಲ್ಲಿ ಒಮ್ಮೆ ತಾಳೆ ನೋಡಿ.

ಒಂದು ಕ್ಲಿಕ್‌ನ ಬೆಲೆ

ರಜೆಯ ಪುಟಕ್ಕೆ ಬರೋಣ. ಇಲ್ಲೇ ಕಾರ್ಮಿಕನಿಗೆ ನಿಜವಾದ ಏಟು ಬೀಳುವುದು. ಪ್ರೆಸ್‌ಗೆ ಬೆರಳು ಕೊಟ್ಟವನು ತಿಂಗಳು ಮನೆಯಲ್ಲಿ ಕೂತ ಎಂದುಕೊಳ್ಳಿ. ಸೂಪರ್‌ವೈಸರ್ ಸಾಫ್ಟ್‌ವೇರ್ ತೆರೆದರೆ ರಜೆಯ ಬಗೆಗಳು ಸಾಲಾಗಿ ಕಾಣುತ್ತವೆ: ಸಿಎಲ್, ಇಎಲ್, ಸಿಕ್ ಲೀವ್, ಲಾಸ್ ಆಫ್ ಪೇ. ‘ಕೆಲಸದ ಗಾಯ’ ಎಂಬುದು ಆ ಸಾಲಿನಲ್ಲಿ ಇರುವುದೇ ಇಲ್ಲ. ಕೈಗೆ ಸಿಕ್ಕಿದ ‘ಸಿಕ್ ಲೀವ್’ ಒತ್ತುತ್ತಾರೆ. ಅವರಿಗೆ ಕೆಡುಕು ಮಾಡುವ ಉದ್ದೇಶವಿಲ್ಲ, ಕೆಲಸ ಮುಗಿದರೆ ಸಾಕು.

ಇಎಸ್‌ಐನಲ್ಲಿ ಕೆಲಸದಿಂದಾದ ಗಾಯಕ್ಕೆ ಸಿಗುವುದು ಕೂಲಿಯ ಶೇಕಡಾ 90, ಅದೂ ವಾಸಿಯಾಗುವವರೆಗೆ. ಸಾಮಾನ್ಯ ಕಾಯಿಲೆಗೆ ಸಿಗುವುದು ಶೇಕಡಾ 70, ಅದೂ ವರ್ಷಕ್ಕೆ 91 ದಿನ ಮಾತ್ರ, ಸಾಮಾನ್ಯವಾಗಿ ಮೊದಲ ಎರಡು ದಿನ ಬಿಟ್ಟು. ತಿಂಗಳಿಗೆ 18,000 ರೂಪಾಯಿ ಸಂಬಳದವನಿಗೆ ದಿನಕ್ಕೆ 600 ರೂಪಾಯಿ ಎಂದು ಹಿಡಿಯಿರಿ. 30 ದಿನಕ್ಕೆ ಗಾಯದ ಲೆಕ್ಕದಲ್ಲಿ 16,200 ರೂಪಾಯಿ. ಕಾಯಿಲೆಯ ಲೆಕ್ಕದಲ್ಲಿ ಎರಡು ದಿನ ಕಳೆದು 11,760 ರೂಪಾಯಿ. ತಪ್ಪು ಕ್ಲಿಕ್‌ಗೆ 4,440 ರೂಪಾಯಿ ದಂಡ, ತೆರುವವನು ಮಾತ್ರ ಬೆರಳು ಜಜ್ಜಿಸಿಕೊಂಡವನು.

ಹೊಸದಾಗಿ ಸೇರಿದವನ ಪಾಡು ಇನ್ನೂ ಕಷ್ಟ. ಕಾಯಿಲೆಯ ಭತ್ಯೆ ಸಿಗಬೇಕಾದರೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಗಾಯಕ್ಕೆ ಆ ಷರತ್ತಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಪೆಟ್ಟಾದರೂ ಹಕ್ಕು ಇದೆ. ಸೇರಿ ಎರಡು ವಾರವಾದ ಹೆಲ್ಪರ್‌ನ ಗಾಯವನ್ನು ‘ಸಿಕ್ ಲೀವ್’ ಎಂದು ಬರೆದರೆ ಅವನಿಗೆ ಸಿಗುವುದು ಸೊನ್ನೆ. ಪ್ರೆಸ್ ಶಾಪ್‌ಗಳಲ್ಲಿ ಕೈ ಪಳಗದ ಹೊಸಬರಿಗೇ ಪೆಟ್ಟಾಗುವ ಭಯ ಹೆಚ್ಚು ಎಂಬುದು ನಿಮಗೆ ಗೊತ್ತಿರುವುದೇ.

ಬೆರಳಿನ ತುಂಡು ಹೋಗಿದ್ದರೆ ಶಾಶ್ವತ ಅಂಗವಿಕಲತೆಯ ಲೆಕ್ಕ ಬರುತ್ತದೆ. ಇಡೀ ತೋರುಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇಕಡಾ 14 ನಷ್ಟ, ಎರಡು ಗೆಣ್ಣು ಹೋದರೆ 11, ಒಂದು ಗೆಣ್ಣು ಹೋದರೆ 9, ಮೂಳೆ ಉಳಿದು ತುದಿ ಮಾತ್ರ ಹೋದರೆ 5 ಎಂದು ಕಾನೂನಿನ ಅನುಸೂಚಿಯಲ್ಲೇ ನಮೂದಾಗಿದೆ. ಅದರ ಆಧಾರದ ಮೇಲೆ ತಿಂಗಳು ತಿಂಗಳು ಬರುವ ಹಣ ಜೀವಮಾನದುದ್ದಕ್ಕೂ ಬರುತ್ತದೆ. ಆ ದಿನದ ದಾಖಲೆಯಲ್ಲಿ ‘ಕೈಗೆ ಗಾಯ’ ಎಂದಷ್ಟೇ ಬರೆದಿದ್ದರೆ ಮುಂದೆ ವೈದ್ಯಕೀಯ ಮಂಡಳಿಯ ಮುಂದೆ ಅಲೆಯಬೇಕಾದವನು ಅವನೇ.

ಪರಿಹಾರ ಸುಲಭ. ಯಾರೇ ‘ಸಿಕ್ ಲೀವ್’ ಅಥವಾ ‘ಲಾಸ್ ಆಫ್ ಪೇ’ ಒತ್ತಿದರೂ ಪರದೆ ಒಂದೇ ಪ್ರಶ್ನೆ ಕೇಳಲಿ: ‘ಇದು ಕೆಲಸದಲ್ಲಿ ಅಥವಾ ಕೆಲಸಕ್ಕೆ ಬಂದುಹೋಗುವ ದಾರಿಯಲ್ಲಿ ಆದ ಗಾಯವೇ, ಕಾಯಿಲೆಯೇ?’ ಹೌದು ಎಂದರೆ ಅಪಘಾತದ ಪುಟ ತೆರೆಯದೆ ರಜೆ ಮುಂದಕ್ಕೆ ಹೋಗಬಾರದು. ದಾರಿಯ ಮಾತು ಸುಮ್ಮನೆ ಸೇರಿಸಿದ್ದಲ್ಲ. ಮನೆಗೂ ಕೆಲಸದ ಜಾಗಕ್ಕೂ ನಡುವಿನ ಪ್ರಯಾಣದ ಅಪಘಾತವೂ, ಕೆಲಸದೊಂದಿಗೆ ನಂಟು ಇದ್ದರೆ, ಕೆಲಸದ ಗಾಯವೇ ಎಂದು 2010ರ ತಿದ್ದುಪಡಿಯಲ್ಲಿ ಇಎಸ್‌ಐ ಕಾಯ್ದೆಗೆ ಸೇರಿತು. ರಾತ್ರಿ ಪಾಳಿ ಮುಗಿಸಿ ತುಮಕೂರು ರಸ್ತೆಯಲ್ಲಿ ಬೈಕ್‌ನಿಂದ ಬಿದ್ದವನನ್ನು ರಜೆಯ ಪಟ್ಟಿಗೆ ಸೇರಿಸಿ ಮರೆಯಬೇಡಿ.

ಸಂಬಳ 21,000 ರೂಪಾಯಿ ಮೀರಿ ಇಎಸ್‌ಐನ ಹೊರಗೆ ಇರುವವರಿಗೆ ಪರಿಹಾರ ಕೊಡುವ ಹೊಣೆ ನೇರವಾಗಿ ಮಾಲೀಕರದು. 1923ರ ಕಾಯ್ದೆಯಲ್ಲಿದ್ದ ಈ ಹೊಣೆ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಬಾಕಿಯಾದ ತಿಂಗಳೊಳಗೆ ಕೊಡದಿದ್ದರೆ ಬಡ್ಡಿಯೂ ಬೀಳುತ್ತದೆ. ಇದನ್ನು ನಿಮ್ಮ ಮಾಲೀಕರಿಗೆ ಓದಿ ಹೇಳಿ.

ಏನು ತುಂಬಬೇಕು?

ಎಷ್ಟೋ ಕಾರ್ಖಾನೆಗಳ ದಾಖಲೆ ಈ ಧಾಟಿಯಲ್ಲಿರುತ್ತದೆ: ‘ಬೆರಳಿಗೆ ಗಾಯ. ಕಾರಣ: ಕಾರ್ಮಿಕನ ನಿರ್ಲಕ್ಷ್ಯ. ಕ್ರಮ: ಎಚ್ಚರಿಕೆ ನೀಡಲಾಗಿದೆ.’ ಇದನ್ನು ಓದಿದ ಯಾರಿಗೂ ನಾಳೆ ಏನು ಸರಿಪಡಿಸಬೇಕೆಂದು ಗೊತ್ತಾಗುವುದಿಲ್ಲ. ಅದೇ ಘಟನೆಯನ್ನು ಹೀಗೂ ಬರೆಯಬಹುದು:

‘ರಾತ್ರಿ ಪಾಳಿ, 2.40. ಬಲಗೈ ತೋರುಬೆರಳಿನ ತುದಿ ಜಜ್ಜಿದೆ, ಉಗುರು ಎದ್ದಿದೆ. 50 ಟನ್ ಪವರ್ ಪ್ರೆಸ್, ಮೂರನೇ ಮಷಿನ್. ಡೈಯಲ್ಲಿ ಸಿಕ್ಕಿಬಿದ್ದ ಸ್ಕ್ರ್ಯಾಪನ್ನು ಬರಿಗೈಯಲ್ಲಿ ತೆಗೆಯುತ್ತಿದ್ದ. ಎರಡೂ ಕೈಯಿಂದ ಒತ್ತಬೇಕಾದ ಬಟನ್‌ಗಳಲ್ಲಿ ಎಡಗಡೆಯದಕ್ಕೆ ಟೇಪ್ ಸುತ್ತಿ ಒತ್ತಿಟ್ಟಿತ್ತು. ಇಕ್ಕಳ ಮಷಿನ್ ಹತ್ತಿರ ಇರಲಿಲ್ಲ. ಹಿಂದಿನ ಪಾಳಿಯಿಂದಲೇ ಸ್ಕ್ರ್ಯಾಪ್ ಸಿಕ್ಕಿಕೊಳ್ಳುತ್ತಿತ್ತು ಎಂದು ಪಕ್ಕದ ಮಷಿನ್‌ನವನು ಹೇಳಿದ. ಸೇರಿ ಹದಿನೆಂಟು ದಿನವಾದ ಕೆಲಸಗಾರ.’

ಎರಡನೆಯದರಲ್ಲಿ ಯಾರ ಮೇಲೂ ಗೂಬೆ ಕೂರಿಸಿಲ್ಲ, ಆದರೂ ಎಲ್ಲ ಇದೆ. ಟೇಪ್ ಯಾರು ಹಾಕಿದರು, ಎಷ್ಟು ದಿನದಿಂದ ಇದೆ, ತುಂಡು ಎಣಿಸುವ ಟಾರ್ಗೆಟ್ ಎಷ್ಟಿತ್ತು ಎಂಬ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಡೈ ಸರಿಪಡಿಸಬೇಕು, ಬಟನ್ ಸರ್ಕ್ಯೂಟನ್ನು ಟೇಪ್ ಹಾಕಿ ಮೋಸ ಮಾಡಲಾಗದಂತೆ ಬದಲಿಸಬೇಕು, ಇಕ್ಕಳವನ್ನು ಮಷಿನ್‌ಗೇ ಸರಪಳಿ ಹಾಕಿ ಕಟ್ಟಬೇಕು. ಇನ್ನೂ ಒಂದು ಮಾತು. ಗಾಯಾಳುವಿನ ಹೇಳಿಕೆಯನ್ನು ಅವನ ಮಾತಿನಲ್ಲೇ ತೆಗೆದುಕೊಳ್ಳಿ. ಒಡಿಶಾದವನಿಗೋ ಬಿಹಾರದವನಿಗೋ ಇಂಗ್ಲಿಷ್ ಫಾರಂ ಕೊಟ್ಟು ಸಹಿ ಹಾಕಿಸಿದರೆ ಅದು ಹೇಳಿಕೆಯಲ್ಲ. ಧ್ವನಿ ಮುದ್ರಿಸಿ, ಮಷಿನ್‌ನ ಫೋಟೋ ತೆಗೆದು ದಾಖಲೆಗೆ ಅಂಟಿಸುವ ಅನುಕೂಲ ಈಗಿನ ಸಾಫ್ಟ್‌ವೇರ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಫೋಟೋ ಮಾತ್ರ ಮಷಿನ್ ಒರೆಸಿ ತೊಳೆಯುವ ಮೊದಲೇ ತೆಗೆಯಿರಿ.

ಯಾರಿಗೂ ಪೆಟ್ಟಾಗದೆ ಕ್ರೇನ್ ಕುಸಿದರೆ, ಒತ್ತಡದ ಪಾತ್ರೆ ಸಿಡಿದರೆ, ಬೆಂಕಿ ಹತ್ತಿದರೆ ಅಂಥ ಅಪಾಯಕಾರಿ ಘಟನೆಗೂ ನೋಟಿಸ್ ಬೇಕು. ಗಾಯಾಳುವಿನ ಹೆಸರು ತುಂಬದಿದ್ದರೆ ಮುಂದಕ್ಕೆ ಹೋಗದ ಪುಟವಾದರೆ ಅದನ್ನೂ ಬದಲಿಸಿಕೊಡಲು ಕೇಳಿ.

ತಾರೀಖಿಲ್ಲದ ಕಾಯಿಲೆ

ಗಾಯಕ್ಕೆ ಗಂಟೆ, ನಿಮಿಷ ಇರುತ್ತದೆ. ಕೆಲಸದಿಂದ ಬರುವ ಕಾಯಿಲೆಗೆ ಇರುವುದಿಲ್ಲ. ‘ಘಟನೆಯ ದಿನಾಂಕ’ ಎಂಬ ಕಡ್ಡಾಯ ಚೌಕದ ಮುಂದೆ ಎಚ್‌ಆರ್‌ನವರು ಕೈಚೆಲ್ಲಿ, ಕೊನೆಗೆ ಏನೂ ದಾಖಲಿಸದೆ ಬಿಡುತ್ತಾರೆ. ಕೋಲಾರದ ಚಿನ್ನದ ಗಣಿಯಲ್ಲಿ ಕಲ್ಲಿನ ಧೂಳು ಕುಡಿದವರ ಶ್ವಾಸಕೋಶ ಒಂದು ದಿನದಲ್ಲಿ ಕೆಟ್ಟಿದ್ದಲ್ಲ. ಗಣಿ 2001ರಲ್ಲಿ ಮುಚ್ಚಿತು, ಸಿಲಿಕೋಸಿಸ್ ಹತ್ತಿದವರ ಕೆಮ್ಮು ಗಣಿಯ ಜೊತೆ ಮುಚ್ಚಿಕೊಳ್ಳುವಂಥದ್ದಲ್ಲ.

ನಿಮ್ಮ ಪ್ರೆಸ್ ಶಾಪ್‌ನಲ್ಲಿ ಹೆದರಬೇಕಾದದ್ದು ಕಿವಿಗೆ. ಎಂಟು ಗಂಟೆಯ ಕೆಲಸಕ್ಕೆ 90 ಡೆಸಿಬೆಲ್ ಶಬ್ದ ನಮ್ಮ ಕಾರ್ಖಾನೆ ನಿಯಮಗಳ ಮಿತಿ; ಪವರ್ ಪ್ರೆಸ್‌ಗಳ ಸಾಲು ಅದನ್ನು ಸಲೀಸಾಗಿ ಮೀರುತ್ತದೆ. ಶಬ್ದದಿಂದ ಬರುವ ಕಿವುಡು, ಸಿಲಿಕೋಸಿಸ್, ಸೀಸದ ವಿಷ, ಹತ್ತಿಯ ಧೂಳಿನ ಕಾಯಿಲೆ ಇವೆಲ್ಲ ಕಾನೂನಿನ ಮೂರನೇ ಅನುಸೂಚಿಯಲ್ಲಿ ಇವೆ. ಪಟ್ಟಿಯಲ್ಲಿರುವ ಕಾಯಿಲೆ ಕಂಡರೆ ಕಾರ್ಖಾನೆಯೂ ನೋಟಿಸ್ ಕೊಡಬೇಕು, ನೋಡಿದ ವೈದ್ಯರೂ ವರದಿ ಕಳಿಸಬೇಕು.

ಇಲ್ಲಿ ಸಾಫ್ಟ್‌ವೇರ್‌ನಿಂದ ಪುಸ್ತಕಕ್ಕೆ ಆಗದ ಕೆಲಸ ಆಗುತ್ತದೆ. ವರ್ಷಕ್ಕೊಮ್ಮೆ ಮಾಡಿಸುವ ಕಿವಿ ಪರೀಕ್ಷೆಯ ಅಂಕಿಗಳನ್ನು ಪಿಡಿಎಫ್ ಆಗಿ ತುರುಕದೆ ಅಂಕಿಗಳಾಗಿಯೇ ತುಂಬಿ. ಒಬ್ಬನ ಐದು ವರ್ಷದ ಅಂಕಿಗಳನ್ನು ಸಾಲಾಗಿ ಇಟ್ಟು, ಅವನು ಯಾವ ಮಷಿನ್ ಮೇಲೆ ಎಷ್ಟು ಕಾಲ ಇದ್ದ ಎಂಬುದನ್ನು ಪಕ್ಕದಲ್ಲಿಟ್ಟರೆ, ಅವನಿಗೆ ಗೊತ್ತಾಗುವ ಮೊದಲೇ ನಿಮಗೆ ಗೊತ್ತಾಗುತ್ತದೆ. ಮೂರನೇ ಮಷಿನ್ ಸುತ್ತ ದುಡಿದ ನಾಲ್ವರಿಗೂ ಕೇಳಿಸುವುದು ಕಡಿಮೆಯಾಗಿದ್ದರೆ ಅದು ವಯಸ್ಸಿನ ದೋಷವಲ್ಲ. ಕೆಲಸ ಬಿಟ್ಟು ಹೋದವನ ದಾಖಲೆಯನ್ನೂ ಅಳಿಸಬೇಡಿ. ವರ್ಷದ ಚಂದಾ ನಿಲ್ಲಿಸಿ ಬೇರೆ ಸಾಫ್ಟ್‌ವೇರ್‌ಗೆ ಹೋಗುವಾಗ ಎಷ್ಟೋ ಕಡೆ ಹಾಜರಿ, ಸಂಬಳ ಮಾತ್ರ ಇಳಿಸಿಕೊಳ್ಳುತ್ತಾರೆ, ಆರೋಗ್ಯದ ದಾಖಲೆ ಅಲ್ಲೇ ಮುಳುಗುತ್ತದೆ. ಒಪ್ಪಂದಕ್ಕೆ ಸಹಿ ಹಾಕುವ ದಿನವೇ ಇದನ್ನು ಕೇಳಿಕೊಳ್ಳಿ.

ಆರೋಗ್ಯದ ಮಾಹಿತಿ ಕಂಡಕಂಡವರಿಗೆ ಕಾಣಬಾರದು. ವ್ಯಕ್ತಿಯ ಮಾಹಿತಿ ಕಾಪಾಡಲು 2023ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂದಿದೆ. ಯಾರು ಎಷ್ಟು ದಿನ ಬರುವುದಿಲ್ಲ, ಬಂದ ಮೇಲೆ ಯಾವ ಕೆಲಸ ಕೊಡಬಾರದು ಎಂಬುದಷ್ಟು ಸೂಪರ್‌ವೈಸರ್‌ಗೆ ಸಾಕು. ರಕ್ತ ಪರೀಕ್ಷೆಯ ವರದಿ ಕಾರ್ಖಾನೆಯ ವೈದ್ಯರಿಗೂ ಆ ಕಾರ್ಮಿಕನಿಗೂ ಮಾತ್ರ ತೆರೆಯಬೇಕು.

ಯಾರೂ ಹೇಳುವುದಿಲ್ಲ ಏಕೆ?

ಮೊದಲು ಪಟ್ಟಿ ತೆರೆದು ನೋಡಿ, ನಿಮ್ಮ ಸಾಫ್ಟ್‌ವೇರ್‌ನಲ್ಲಿ ಎಷ್ಟು ಜನರ ಹೆಸರಿದೆ? 150 ಜನ ಕೆಲಸ ಮಾಡುವ ಕಡೆ 90 ಹೆಸರು ಮಾತ್ರ ಇದ್ದರೆ ಆಶ್ಚರ್ಯವಿಲ್ಲ. ಕಾಂಟ್ರ್ಯಾಕ್ಟ್‌ನವರ ಸಂಬಳ ಕಾಂಟ್ರ್ಯಾಕ್ಟರ್‌ನ ಲೆಕ್ಕದಲ್ಲಿರುವುದರಿಂದ ಅವರು ಇದರೊಳಗೆ ಬಂದೇ ಇರುವುದಿಲ್ಲ. ಆದರೆ ಇಎಸ್‌ಐ ಕಣ್ಣಿಗೆ ಪ್ರಧಾನ ಮಾಲೀಕರು ನೀವೇ. ಅಪ್ರೆಂಟಿಸ್‌ಗಳಿಗಾದ ಗಾಯಕ್ಕೂ 1961ರ ಅಪ್ರೆಂಟಿಸ್ ಕಾಯ್ದೆಯಂತೆ ಪರಿಹಾರದ ಹೊಣೆ ಮಾಲೀಕರದೇ. ಗೇಟಿನೊಳಗೆ ಕಾಲಿಟ್ಟ ಪ್ರತಿಯೊಬ್ಬರೂ ಅಪಘಾತದ ಪುಟದಲ್ಲಿ ಸಿಗುವಂತಿರಬೇಕು.

ಹೆಸರಿದ್ದವರೂ ಹೇಳದಿರಲು ಕಾರಣ ಹೆದರಿಕೆ. ಹೇಳಿದರೆ ಎಚ್ಚರಿಕೆ ಪತ್ರ ಬರುತ್ತದೆ, ಓಟಿ ತಪ್ಪುತ್ತದೆ, ಕಾಂಟ್ರ್ಯಾಕ್ಟರ್ ನಾಳೆಯಿಂದ ಬರಬೇಡ ಎನ್ನುತ್ತಾನೆ. ಕಾರ್ಖಾನೆಯ ಗೇಟಿನಲ್ಲಿ ‘ಅಪಘಾತವಿಲ್ಲದ ದಿನಗಳು’ ಎಂಬ ಬೋರ್ಡ್ ಇದ್ದು, ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಸೊನ್ನೆ ಉಳಿಸಿಕೊಂಡ ವಿಭಾಗಕ್ಕೆ ಬಹುಮಾನ ಕೊಡುವ ಪದ್ಧತಿ ಇದ್ದರಂತೂ ಮುಗಿಯಿತು. ಒಬ್ಬ ಬೆರಳು ಕುಯ್ದುಕೊಂಡರೆ ಇಡೀ ವಿಭಾಗದ ಬಹುಮಾನ ಹೋಗುತ್ತದೆ. ಜೊತೆಯವರೇ ಅವನ ಬಾಯಿ ಮುಚ್ಚಿಸುತ್ತಾರೆ. ನಿಮ್ಮಲ್ಲಿ ಅಂಥ ಬಹುಮಾನ ಇದ್ದರೆ ಮೊದಲು ನಿಲ್ಲಿಸಿ. ಕೊಡಲೇಬೇಕೆಂದಿದ್ದರೆ, ಕೂದಲೆಳೆಯಲ್ಲಿ ತಪ್ಪಿದ ಅಪಾಯವನ್ನು ಹೇಳಿದವನಿಗೆ, ಅದನ್ನು ವಾರದೊಳಗೆ ಸರಿಪಡಿಸಿದ ಮೆಂಟೆನೆನ್ಸ್‌ನವರಿಗೆ ಕೊಡಿ.

ಹೇಳುವುದನ್ನು ಸುಲಭ ಮಾಡಿ. ಆ್ಯಪ್ ಇಳಿಸಿಕೊಂಡು, ಪಾಸ್‌ವರ್ಡ್ ನೆನಪಿಟ್ಟುಕೊಂಡು, ಹನ್ನೆರಡು ಚೌಕ ತುಂಬಿ ಎಂದರೆ ಮಷಿನ್ ಮುಂದಿನವರು ಯಾರೂ ತುಂಬುವುದಿಲ್ಲ, ಎಷ್ಟೋ ಶಾಪ್‌ಗಳಲ್ಲಿ ಮೊಬೈಲನ್ನೇ ಗೇಟಿನಲ್ಲಿ ಇಟ್ಟು ಒಳಗೆ ಹೋಗಬೇಕು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಟ್ಯಾಬ್ ನೇತುಹಾಕಿ. ಮೂರೇ ಪ್ರಶ್ನೆ ಇರಲಿ: ಯಾರಿಗೆ, ಎಲ್ಲಿ, ಏನಾಯಿತು. ಕನ್ನಡ, ಹಿಂದಿ ಎರಡರಲ್ಲೂ ಇರಲಿ. ಬಾಕಿ ಚೌಕಗಳನ್ನು ಸೂಪರ್‌ವೈಸರ್ ಪಾಳಿ ಮುಗಿಯುವುದರೊಳಗೆ ತುಂಬಲಿ. ಬ್ಯಾಂಡೇಜ್ ಎಷ್ಟು ಖರ್ಚಾಯಿತು ಎಂಬ ಸ್ಟೋರ್ಸ್ ಲೆಕ್ಕವನ್ನು ತಿಂಗಳ ಕೊನೆಯಲ್ಲಿ ಗಾಯದ ದಾಖಲೆಯೊಂದಿಗೆ ಹೋಲಿಸಿ. ನಲವತ್ತು ಬ್ಯಾಂಡೇಜ್ ಹೋಗಿ ಎರಡು ಗಾಯ ದಾಖಲಾಗಿದ್ದರೆ ಹೆದರಿಕೆ ಇನ್ನೂ ಹೋಗಿಲ್ಲ.

ಇದೆಲ್ಲ ಮಾಡಿದ ಮೊದಲ ಕೆಲವು ತಿಂಗಳಲ್ಲಿ ಅಪಘಾತದ ಸಂಖ್ಯೆ ಏರುತ್ತದೆ. ಮಾಲೀಕರು ಗಾಬರಿಯಾಗಿ ನಿಮ್ಮನ್ನೇ ತರಾಟೆಗೆ ತೆಗೆದುಕೊಳ್ಳಬಹುದು. ಅಪಘಾತ ಹೆಚ್ಚಿದ್ದಲ್ಲ, ಹೇಳುವವರು ಹೆಚ್ಚಿದ್ದು ಎಂದು ಮೊದಲೇ ತಿಳಿಸಿಡಿ. ನಿಜವಾದ ಸುಧಾರಣೆಯನ್ನು ಒಟ್ಟು ಸಂಖ್ಯೆಯಲ್ಲಿ ಹುಡುಕಬೇಡಿ. ಒಂದೇ ಮಷಿನ್‌ನಲ್ಲಿ ಅದೇ ಗಾಯ ಮತ್ತೆ ಆಗುತ್ತಿದೆಯೇ, ಗೊತ್ತಾದ ಅಪಾಯ ಎಷ್ಟು ದಿನದಲ್ಲಿ ಸರಿಹೋಯಿತು ಎಂಬೆರಡನ್ನು ನೋಡಿ.

ಸಾಫ್ಟ್‌ವೇರ್ ಒಳ್ಳೆಯ ಗುಮಾಸ್ತ, ತಾರೀಖು ಮರೆಯುವುದಿಲ್ಲ, ಲೆಕ್ಕ ತಪ್ಪುವುದಿಲ್ಲ. ಕಾನೂನಿನ ಮುಂದೆ ಉತ್ತರ ಹೇಳಬೇಕಾದವರು ಮಾತ್ರ ನಿಮ್ಮ ಮಾಲೀಕರು ಮತ್ತು ಮ್ಯಾನೇಜರ್. ಎಲ್ಲವನ್ನೂ ಒಮ್ಮೆಲೇ ಮಾಡಲಾಗದಿದ್ದರೆ ಈ ವಾರ ಒಂದೇ ಕೆಲಸ ಮಾಡಿ: ಕಳೆದ ಆರು ತಿಂಗಳಲ್ಲಿ ‘ಸಿಕ್ ಲೀವ್’ ಮತ್ತು ‘ಲಾಸ್ ಆಫ್ ಪೇ’ ಎಂದು ದಾಖಲಾಗಿರುವ ಮೂರು ದಿನಕ್ಕಿಂತ ಹೆಚ್ಚಿನ ರಜೆಗಳ ಪಟ್ಟಿ ತೆಗೆದು, ಒಬ್ಬೊಬ್ಬರನ್ನೇ ಕರೆದು ಏನಾಗಿತ್ತೆಂದು ಕೇಳಿ. ಕೆಲಸದ ಗಾಯ ಎಂದು ಯಾರಾದರೂ ಹೇಳಿದರೆ ದಾಖಲೆ ತಿದ್ದಿ, ಇಎಸ್‌ಐಗೆ ವರದಿ ಕಳಿಸಿ, ಅವರನ್ನು ಶಾಖಾ ಕಚೇರಿಗೆ ನೀವೇ ಕರೆದುಕೊಂಡು ಹೋಗಿ. ತಡವಾದ ವರದಿಗೆ ವಿವರಣೆ ಕೊಡಬಹುದು, ಕೊಡದೇ ಹೋದ ವರದಿಗೆ ವಿವರಣೆ ಇಲ್ಲ.